ಹದಿನಾಲ್ಕು ಜನರ ಒಟಿಪಿ ನನ್ನ ಮೊಬೈಲಿಗೆ ಬರುತ್ತದೆ, ನಾನು ಊರು ಬಿಡುತ್ತಿದ್ದೇನೆ

ಕೊಟ್ಟಿಗೆಹಾರದ ಕಡೆಯವಳು (ಭಾನುವಾರ ರಾತ್ರಿ)

ಯಾವ ಮೊಬೈಲ್ ಕೊಳ್ಳಲಿ ಎಂದು ಕೇಳಲು ಬಂದವಳಲ್ಲ. ನನ್ನ ಕಷ್ಟ ಬೇರೆ.

ನಮ್ಮ ಮನೆ ಕೊಟ್ಟಿಗೆಹಾರದಿಂದ ಒಳಗೆ, ಡಾಂಬರು ರಸ್ತೆ ಬಿಟ್ಟು ನಾಲ್ಕು ಕಿಲೊಮೀಟರ್. 2020ರ ಲಾಕ್‌ಡೌನ್‌ನಲ್ಲಿ ಕಾಲೇಜು ಮುಚ್ಚಿ ಊರಿಗೆ ಬಂದಾಗ ಆನ್‌ಲೈನ್ ಪಾಠಕ್ಕೆಂದು ಅಪ್ಪ ಒಂದು ಸ್ಮಾರ್ಟ್‌ಫೋನ್ ಕೊಡಿಸಿದರು. ಮನೆಯೊಳಗೆ ಸಿಗ್ನಲ್ ಇಲ್ಲ. ತೋಟದ ಮೇಲ್ಗಡೆ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕುಳಿತರೆ ಎರಡು ಕಡ್ಡಿ ಬರುತ್ತಿತ್ತು. ಅಲ್ಲಿ ಪಾಠ ಕೇಳುತ್ತ ಕುಳಿತವಳ ಬಳಿಗೆ ಮೊದಲು ಬಂದವರು ಕೆಳಮನೆಯ ಅಜ್ಜಿ. ಪಿಂಚಣಿ ಖಾತೆಗೆ ಮೊಬೈಲ್ ನಂಬರ್ ಬೇಕೆಂದು ಬ್ಯಾಂಕಿನಲ್ಲಿ ಕೇಳಿದರಂತೆ. "ನಿನ್ನದೇ ಬರೆಸಿ ಬಂದಿದ್ದೇನೆ ಮಗಳೇ" ಎಂದರು. ಕೇಳಿ ಬರೆಸಿದ್ದಲ್ಲ, ಬರೆಸಿ ಬಂದು ತಿಳಿಸಿದ್ದು.

ಅದಾದ ಮೇಲೆ ದೊಡ್ಡಪ್ಪನ ಗ್ಯಾಸ್, ತೋಟದ ಆಳುಗಳಿರುವ ಲೈನ್‌ಮನೆಯ ಮೂವರು ಅಕ್ಕಂದಿರ ಖಾತೆ, ತೋಟದ ಲೆಕ್ಕ ನೋಡುವ ನಮ್ಮ ರೈಟರ್ ಅವರ ಆಧಾರ್, ಇಬ್ಬರು ಅತ್ತೆಯಂದಿರ ಗೃಹಲಕ್ಷ್ಮಿ, ಇನ್ನಾರದೋ ಪಡಿತರ ಚೀಟಿ. ಬೆಳೆ ಸಮೀಕ್ಷೆ ಬಂತೆಂದರೆ ಆರು ಮನೆಯ ಹಿಡುವಳಿಯಲ್ಲಿ ನಾನೇ ನಿಂತು ಫೋಟೊ ತೆಗೆಯಬೇಕು. ಲೆಕ್ಕ ಹಾಕಿದೆ, ಹದಿನಾಲ್ಕು ಜನ. ಯಾವ ಒಟಿಪಿ ಯಾರದೆಂದು ಮರೆಯದಿರಲು ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟಿದ್ದೇನೆ.

ಈಗ ಮೈಸೂರಿನಲ್ಲಿ ಕೆಲಸ ಸಿಕ್ಕಿದೆ. ಮುಂದಿನ ತಿಂಗಳ ಒಂದನೇ ತಾರೀಕು ಸೇರಬೇಕು. ಈ ಸುದ್ದಿ ಹೇಳಿದಾಗ ಅಮ್ಮನಿಗಿಂತ ಮೊದಲು ಕಣ್ಣೀರು ಹಾಕಿದವರು ಕೆಳಮನೆಯ ಅಜ್ಜಿ. ಅದು ನನ್ನ ಮೇಲಿನ ಪ್ರೀತಿಯೋ ಪಿಂಚಣಿಯ ಚಿಂತೆಯೋ ನಾನು ವಿಚಾರಿಸಲು ಹೋಗಲಿಲ್ಲ. ಈ ಹದಿನಾಲ್ಕು ಜನರನ್ನು ನನ್ನ ನಂಬರಿನಿಂದ ಬಿಡಿಸುವುದು ಹೇಗೆ? ಯಾವುದನ್ನು ಮೊದಲು ಮಾಡಬೇಕು? ಅಥವಾ ಈ ಸಿಮ್ಮನ್ನು ಅಪ್ಪನಿಗೆ ಕೊಟ್ಟು ನಾನು ಹೊಸದು ತೆಗೆದುಕೊಂಡರೆ ಮುಗಿಯಿತೇ?

ನಿವೃತ್ತ ಮೇಷ್ಟ್ರು, ಹಾಸನ

ತಂಗಿ, ನಿನ್ನ ಸ್ಥಾನದಲ್ಲಿ ನಾನೂ ಇದ್ದೆ. ಆಲೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನಗೆ ಮೊದಲ ಕೆಲಸ. ಊರಿಗೆ ಬಂದ ಕಾಗದಗಳನ್ನೆಲ್ಲ ನಾನೇ ಓದಿ ಹೇಳಬೇಕಿತ್ತು, ಉತ್ತರವನ್ನೂ ನಾನೇ ಬರೆಯಬೇಕಿತ್ತು. ಯಾರ ಮಗ ಬೊಂಬಾಯಿಯಿಂದ ಹಣ ಕಳಿಸಿದ, ಯಾರ ಸೊಸೆ ತವರಿಗೆ ಹೋಗಿ ಕುಳಿತಳು ಎಲ್ಲವೂ ನನ್ನ ಹೊಟ್ಟೆಯಲ್ಲಿ. ಆದರೆ ಒಂದು ವ್ಯತ್ಯಾಸ. ಕಾಗದ ಓದಿದ ಮಾತ್ರಕ್ಕೆ ಅವರ ಮನಿಯಾರ್ಡರನ್ನು ನಾನು ಬಿಡಿಸಿಕೊಳ್ಳುವಂತಿರಲಿಲ್ಲ. ಅದಕ್ಕೆ ಅವರ ಸಹಿಯೋ ಹೆಬ್ಬೆಟ್ಟೋ ಬೇಕಿತ್ತು. ಒಟಿಪಿ ಹಾಗಲ್ಲ. ನಿನ್ನ ಮೇಲೆ ಎಷ್ಟು ಭಾರವಿದೆ ಎನ್ನುವುದು ನಿನಗೇ ಗೊತ್ತಿದ್ದಂತಿಲ್ಲ.

ಸಿಮ್ಮನ್ನು ಅಪ್ಪನಿಗೆ ಕೊಡುವುದೆಂದರೆ ಹೊರೆಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ದಾಟಿಸಿದಂತೆ. ಅಪ್ಪನಿಗೆ ಎಸ್‌ಎಂಎಸ್ ತೆರೆದು ನೋಡಲು ಬರುತ್ತದೆಯೇ?

ಕೊಟ್ಟಿಗೆಹಾರದ ಕಡೆಯವಳು

ಇಲ್ಲ ಮೇಷ್ಟ್ರೇ. ಅಪ್ಪನಿಗೆ ಹಸಿರು ಗುಂಡಿ ಮತ್ತು ಕೆಂಪು ಗುಂಡಿ, ಎರಡೇ ಗೊತ್ತಿರುವುದು. ಕೆಂಪನ್ನೂ ಒತ್ತದೆ ಜೇಬಿಗೆ ಹಾಕಿಕೊಳ್ಳುತ್ತಾರೆ. ಆಮೇಲೆ ಹತ್ತು ನಿಮಿಷ ತೋಟದ ಜೀರುಂಡೆಯ ಸದ್ದು ಕೇಳಿಸುತ್ತಿರುತ್ತದೆ.

ಪಾಸ್‌ಬುಕ್

ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಎದ್ದವನು ನಾನು. ಒಂದೊಂದಾಗಿ ಹೇಳುತ್ತೇನೆ, ಗಾಬರಿ ಬೇಡ.

ಮೊದಲಿಗೆ ಎಲ್ಲರೂ ಹೆದರುವ ವಿಷಯ: ನಂಬರ್ ಬದಲಾದರೆ ಹಣ ನಿಂತುಹೋಗುತ್ತದೆಯೇ? ನಿಲ್ಲುವುದಿಲ್ಲ. ಪಿಂಚಣಿಯಾಗಲಿ ಗೃಹಲಕ್ಷ್ಮಿಯಾಗಲಿ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ಬರುವುದು. ಮೊಬೈಲ್ ನಂಬರಿಗೆ ಬರುವುದು ಹಣ ಬಂದ ಸುದ್ದಿ ಮಾತ್ರ. ಅಜ್ಜಿಗೆ ಇದನ್ನು ಇವತ್ತೇ ಹೇಳಿ, ರಾತ್ರಿ ನಿದ್ದೆ ಬರಲಿ.

ಎರಡನೆಯದು, ಜನ ಒಂದೇ ಎಂದುಕೊಂಡಿರುವ ಎರಡು ಬೇರೆ ವಿಷಯಗಳಿವೆ. ಆಧಾರ್‌ನಲ್ಲಿರುವ ಮೊಬೈಲ್ ನಂಬರ್ ಬೇರೆ, ಬ್ಯಾಂಕ್ ಖಾತೆಯಲ್ಲಿರುವ ನಂಬರ್ ಬೇರೆ. ಒಂದನ್ನು ಬದಲಿಸಿದರೆ ಇನ್ನೊಂದು ತಾನಾಗಿ ಬದಲಾಗುವುದಿಲ್ಲ. ಎರಡನ್ನೂ ಮಾಡಿಸಬೇಕು. ಮೊದಲು ಅವರವರ ಹೆಸರಿನಲ್ಲೇ ಸಿಮ್, ಆಮೇಲೆ ಆಧಾರ್, ಆಮೇಲೆ ಪಾಸ್‌ಬುಕ್ ಹಿಡಿದು ಬ್ಯಾಂಕು, ಕೊನೆಗೆ ಗ್ಯಾಸ್ ಮತ್ತು ಇತರೆ. ನಿಮ್ಮ ಹೆಸರಿನಲ್ಲೇ ಹದಿನಾಲ್ಕು ಸಿಮ್ ಕೊಂಡು ಹಂಚುವ ಉಪಕಾರ ಮಾತ್ರ ಬೇಡ.

ಆಧಾರ್‌ಗೆ ಹದಿನಾಲ್ಕು ಜನರನ್ನು ಮೂಡಿಗೆರೆಗೆ ಕರೆದೊಯ್ಯಬೇಕೆಂದು ಚಿಂತೆಯಾಗಿದ್ದರೆ, ನಿಮ್ಮ ಅಂಚೆಯಣ್ಣನನ್ನು ಕೇಳಿ. 2021ರಿಂದ ಅಂಚೆ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಪೋಸ್ಟ್‌ಮ್ಯಾನ್‌ಗಳೇ ಮನೆ ಬಾಗಿಲಲ್ಲಿ ಆಧಾರ್ ಮೊಬೈಲ್ ನಂಬರ್ ಬದಲಿಸಿಕೊಡುತ್ತಾರೆ. ಸಣ್ಣ ಶುಲ್ಕವಿದೆ. ಬೆರಳಚ್ಚು ಕೊಡಬೇಕು, ಸಿಗ್ನಲ್ ಬೇಕು. ಎಲ್ಲರನ್ನೂ ನಿಮ್ಮ ಟ್ಯಾಂಕಿನ ಕಟ್ಟೆಗೇ ಬರಹೇಳಿ.

ಕೊನೆಯ ಮಾತು. ನಿಮ್ಮ ಈಗಿನ ಸಿಮ್ಮನ್ನು ಎಸೆಯಬೇಡಿ. ತೊಂಬತ್ತು ದಿನ ಬಳಸದೆ ಬಿಟ್ಟ ನಂಬರನ್ನು ಕಂಪನಿಯವರು ಬಂದ್ ಮಾಡಬಹುದು, ಆಮೇಲೆ ಅದನ್ನೇ ಮತ್ತೊಬ್ಬರಿಗೆ ಕೊಡುತ್ತಾರೆ. ಆಗ ಅಜ್ಜಿಯ ಒಟಿಪಿ ಎಲ್ಲಿಯ ಯಾರಿಗೋ ಹೋಗುತ್ತದೆ. ಹದಿನಾಲ್ಕೂ ಮುಗಿಯುವವರೆಗೆ ನಂಬರ್ ಜೀವಂತವಾಗಿರಲಿ.

ಅರಸೀಕೆರೆ ಕೊಬ್ಬರಿ

ಇಷ್ಟೆಲ್ಲ ಸುತ್ತು ಏಕೆ? ಎಲ್ಲರಿಗೂ ಒಂದೊಂದು ಸ್ಮಾರ್ಟ್‌ಫೋನ್ ಕೊಡಿಸಿ ಕಲಿಸಿಬಿಡಿ. ನಮ್ಮ ಕಡೆ ಎಪ್ಪತ್ತು ದಾಟಿದವರೂ ಬೆಳಿಗ್ಗೆ ಎದ್ದು ಉಂಡೆ ಕೊಬ್ಬರಿಯ ಧಾರಣೆಯನ್ನು ವಾಟ್ಸ್‌ಆ್ಯಪ್‌ನಲ್ಲಿ ನೋಡುತ್ತಾರೆ. ನಮ್ಮ ತಂದೆ ಮೊದಲೆಲ್ಲ ಮೂಟೆ ಹೇರಿಕೊಂಡು ಮಾರುಕಟ್ಟೆಗೆ ಹೋದ ಮೇಲೆಯೇ ರೇಟು ತಿಳಿಯುತ್ತಿತ್ತು. ಬಿದ್ದಿದೆ ಎಂದು ವಾಪಸ್ ತಂದರೆ ಬಾಡಿಗೆ ದಂಡ, ಮಾರಿದರೆ ಮನಸ್ಸಿಗೆ ಸಂಕಟ. ಈಗ ಧಾರಣೆ ನೋಡಿ, ತಿಪಟೂರಿನದಕ್ಕೆ ಹೋಲಿಸಿ, ಆಮೇಲೆ ಗಾಡಿ ಹೇಳುತ್ತಾರೆ. ಓದು ಬರದವರು ಮೈಕ್ ಒತ್ತಿ ಕನ್ನಡದಲ್ಲಿ ಮಾತನಾಡಿದರೂ ಫೋನ್ ಹುಡುಕಿಕೊಡುತ್ತದೆ. ಮಲೆನಾಡಿನವರು ಮಳೆಗೆ ಹೆದರುವುದಿಲ್ಲ, ಜಾರುವ ಗಾಜಿಗೆ ಹೆದರುತ್ತೀರಿ.

ಕಾಳುಮೆಣಸು, ಹಾನುಬಾಳು

ಕೊಬ್ಬರಿಯವರೇ, ನಿಮ್ಮ ಬಯಲುಸೀಮೆಯಲ್ಲಿ ಟವರಿನಿಂದ ಟವರಿಗೆ ಕಣ್ಣು ಹಾಯುತ್ತದೆ. ನಮ್ಮಲ್ಲಿ ಒಂದು ಗುಡ್ಡದ ಆಚೆ ನಾಲ್ಕು ಕಡ್ಡಿ, ಈಚೆ ಒಂದೂ ಇಲ್ಲ. ಆಷಾಢದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಕೆಲವೇ ಗಂಟೆಗಳಲ್ಲಿ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಆಮೇಲೆ ನಾಲ್ಕು ದಿನ ನಮ್ಮ ಸ್ಮಾರ್ಟ್‌ಫೋನ್ ಎಂದರೆ ಒಂದು ಟಾರ್ಚು, ಅದೂ ಚಾರ್ಜ್ ಇರುವವರೆಗೆ. ನನ್ನ ಮನೆಗೆ ಕಳೆದ ವರ್ಷ ಫೈಬರ್ ಬಂತು. ವೈಫೈ ಕರೆ ಎಂಬುದನ್ನು ಸೆಟ್ಟಿಂಗ್‌ನಲ್ಲಿ ಆನ್ ಮಾಡಿದ ಮೇಲೆ ಹಾಸಿಗೆಯ ಮೇಲೆ ಮಲಗಿ ಫೋನಿನಲ್ಲಿ ಮಾತನಾಡುವ ಸುಖ ಐವತ್ತೆರಡನೇ ವಯಸ್ಸಿನಲ್ಲಿ ಸಿಕ್ಕಿತು.

ಹಾಗೆಂದು ಫೋನನ್ನು ತೆಗಳುವವನಲ್ಲ ನಾನು. ನನ್ನ ಮಟ್ಟಿಗೆ ಅದರ ಅತಿ ಮುಖ್ಯ ಕೆಲಸ ನಮ್ಮ ಮಳೆ ಗುಂಪು. ಬೆಳಿಗ್ಗೆ ಏಳಕ್ಕೆ ಪ್ರತಿಯೊಬ್ಬರೂ ಮಳೆಮಾಪಕ ನೋಡಿ ಇಷ್ಟು ಇಂಚು, ಇಷ್ಟು ಸೆಂಟ್ಸ್ (ಇಂಚಿನ ನೂರರಲ್ಲೊಂದು ಭಾಗ) ಎಂದು ಹಾಕುತ್ತಾರೆ. ಉಳಿದ ದಿನ ಶುಭೋದಯದ ಗುಲಾಬಿ ಹೂವು ಕಳಿಸುವವರು ಮಾರ್ಚ್ ಬಂದೊಡನೆ ಗಂಭೀರವಾಗುತ್ತಾರೆ. ಕಾಫಿಯ ಹೂ ಅರಳಿಸುವ ಹೂಮಳೆ ಇಂಚಿನಷ್ಟು ಬಿದ್ದವನಿಗೆ ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಪೈಪ್ ಎಳೆಯುವ ಖರ್ಚಿಲ್ಲ. ಇಪ್ಪತ್ತು ಸೆಂಟ್ಸ್ ಬಿದ್ದು ನಿಂತವನ ಪಾಡು ಯಾರಿಗೂ ಬೇಡ, ಮೊಗ್ಗು ಅರ್ಧಕ್ಕೆ ಎಚ್ಚರವಾಗಿ ಕುಳಿತಿರುತ್ತದೆ. ಹದಿನೈದು ಇಪ್ಪತ್ತು ದಿನಕ್ಕೆ ಎರಡನೇ ಮಳೆಯೂ ಬೇಕು. ಹವಾಮಾನದ ಆ್ಯಪ್ ಸಕಲೇಶಪುರಕ್ಕೆ ಮಳೆ ಎನ್ನುತ್ತದೆ, ನಮ್ಮ ಗುಡ್ಡಕ್ಕೋ ಪಕ್ಕದ ಗುಡ್ಡಕ್ಕೋ ಎಂದು ಹೇಳುವುದಿಲ್ಲ. ಅದನ್ನು ಹೇಳುವುದು ಆಚೆ ತೋಟದವನ ಮೆಸೇಜ್: "ಇಲ್ಲಿ ಶುರುವಾಯಿತು." ಹತ್ತು ನಿಮಿಷದಲ್ಲಿ ಕಣದ ಮೇಲಿನ ಕಾಫಿಗೆ ಟಾರ್ಪಾಲ್ ಎಳೆಯುತ್ತೇವೆ.

ಗುಂಪಿನಲ್ಲಿ ಒಬ್ಬರಿದ್ದಾರೆ, ಎಲ್ಲರಿಗಿಂತ ಐದು ಸೆಂಟ್ಸ್ ಹೆಚ್ಚು ಬಿದ್ದೇ ಬಿದ್ದಿರುತ್ತದೆ. ಅವರ ಮಳೆಮಾಪಕವನ್ನು ಮನೆಯ ಸೂರಿನ ಕೆಳಗೆ ಇಟ್ಟಿದ್ದಾರೆಂದು ನಮ್ಮ ಅನುಮಾನ.

ಯಸಳೂರು

ತಂಗಿ, ಎಲ್ಲರೂ ಹಣದ್ದೇ ಮಾತನಾಡಿದರು. ಆನೆ ಮೆಸೇಜ್ ನಿಮ್ಮ ಊರಿನಲ್ಲಿ ಯಾರಿಗೆ ಬರುತ್ತದೆ?

ನಮ್ಮಲ್ಲಿ ಕುಯ್ಲಿನ ದಿನ ಮೊದಲು ನೋಡುವುದು ಅದನ್ನೇ. ಅರಣ್ಯ ಇಲಾಖೆಯ ಸಿಬ್ಬಂದಿ ರಾತ್ರಿಯಿಡೀ ಜಾಡು ಹಿಡಿದು ಇಂತಹ ಕಡೆ ಗುಂಪು ಇದೆ, ಇಂತಹ ರಸ್ತೆಯಲ್ಲಿ ಒಂಟಿ ಸಲಗ ದಾಟಿದೆ ಎಂದು ಹಾಕುತ್ತಾರೆ. ಕೆಲವು ಆನೆಗಳಿಗೆ ರೇಡಿಯೊ ಕಾಲರ್ ಕೂಡ ಹಾಕಿದ್ದಾರೆ. ರೈಟರ್ ಅದನ್ನು ಓದಿ ಹೇಳಿದ ಮೇಲೆಯೇ ಹೆಣ್ಣಾಳುಗಳು ಬುಟ್ಟಿ ಎತ್ತುವುದು. ಒಮ್ಮೆ ರೈಟರ್ ರಜೆ ಹಾಕಿದ್ದರು, ಮೆಸೇಜ್ ಅವರ ಫೋನಿನಲ್ಲಿ ಅವರ ಜೊತೆ ಮದುವೆ ಮನೆಗೆ ಹೋಗಿತ್ತು. ನಾವು ತೋಟಕ್ಕೆ ಇಳಿದೆವು. ಐವತ್ತು ಗಜ ಮುಂದೆ ಬೈನೆ ಮರ ಮುರಿದ ಸದ್ದು ಕೇಳಿ ಓಡಿಬಂದೆವು, ಯಾರಿಗೂ ಏನೂ ಆಗಲಿಲ್ಲ. ಆಮೇಲೆ ನಾಲ್ವರ ನಂಬರ್ ಕೊಟ್ಟಿದ್ದೇವೆ.

ಇನ್ನೊಂದು ಮಾತನ್ನೂ ಹೇಳಬೇಕು. ಅದೇ ಫೋನನ್ನು ಆನೆಯ ಮುಖಕ್ಕೆ ಹಿಡಿದು ವಿಡಿಯೊ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. 2023ರ ಡಿಸೆಂಬರ್ 4ರಂದು ನಮ್ಮ ಯಸಳೂರು ವಲಯದಲ್ಲಿ ಅರ್ಜುನ ಸತ್ತಿತು. ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತ ಆನೆ, ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಬಂದು ಸಲಗದ ತಿವಿತಕ್ಕೆ ಬಿದ್ದುಹೋಯಿತು. ನಮಗಿಂತ ಮೊದಲು ಬೆಂಗಳೂರಿನ ನೆಂಟರಿಗೆ ಸುದ್ದಿ ತಿಳಿದಿತ್ತು. ಮೂರು ಕಿಲೊಮೀಟರ್ ದೂರದಲ್ಲಿದ್ದ ನಮಗೆ ಅವರೇ ಫೋನ್ ಮಾಡಿ ಹೇಳಿದರು.

ಕೊಟ್ಟಿಗೆಹಾರದ ಕಡೆಯವಳು

ಅಯ್ಯೋ ಅಣ್ಣ, ಆನೆ ಮೆಸೇಜೂ ನನಗೇ ಬರುತ್ತದೆ. ಅದನ್ನು ಮರೆತೇಬಿಟ್ಟಿದ್ದೆ. ಈಗ ಹದಿನೈದಾಯಿತು.

ಪಾಸ್‌ಬುಕ್ ಸರ್, ನೀವು ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅದರಲ್ಲೇ ಪ್ರತಿಯೊಬ್ಬರ ಖಾತೆ ಸಂಖ್ಯೆ, ಎಟಿಎಂ ಪಿನ್ ಎಲ್ಲ ಇರುವುದರಿಂದ ಒಂದೇ ಕಡೆ ಸಿಗುತ್ತದೆ.

ಪಾಸ್‌ಬುಕ್

ಏನಿದೆ ಎಂದಿರಿ? ಪಿನ್ನೇ?

ಇವತ್ತು ರಾತ್ರಿ ಆ ಪುಟಗಳನ್ನು ಹರಿದು ಒಲೆಗೆ ಹಾಕಿ. ನಾಳೆ ಎನ್ನಬೇಡಿ. ನಿಮ್ಮ ಮೇಲೆ ನನಗೆ ಅನುಮಾನವಿಲ್ಲ ತಾಯಿ. ನಾಳೆ ಯಾರದೋ ಖಾತೆಯಿಂದ ಐನೂರು ರೂಪಾಯಿ ಕಾಣೆಯಾದರೆ, ಕಳ್ಳ ಯಾರೇ ಇರಲಿ, ಊರು ಮೊದಲು ನೋಡುವುದು ಆ ನೋಟ್‌ಬುಕ್ ಯಾರ ಮನೆಯಲ್ಲಿದೆ ಎಂದು. ನನ್ನ ಕೌಂಟರಿನ ಮುಂದೆ ಇಂತಹ ಪಂಚಾಯಿತಿ ಎಷ್ಟೋ ನಡೆದಿವೆ. ಸ್ವಂತ ಸೋದರಳಿಯನ ಜೊತೆ ಹದಿಮೂರು ವರ್ಷ ಮಾತು ಬಿಟ್ಟವರನ್ನು ನೋಡಿದ್ದೇನೆ. ಮೊತ್ತ ಎಂಟುನೂರು ರೂಪಾಯಿ, ಕೊನೆಗೆ ತಿಳಿದದ್ದು ಅದು ಬ್ಯಾಂಕೇ ಮುರಿದುಕೊಂಡ ಶುಲ್ಕ.

ಹೆಬ್ಬೆಟ್ಟೇ ಕ್ಷೇಮ ಎಂದು ಮೇಷ್ಟ್ರು ಹೇಳಿದಂತಿತ್ತು. ಅದನ್ನೂ ಪೂರ್ತಿ ನಂಬುವಂತಿಲ್ಲ ಮೇಷ್ಟ್ರೇ. 2023ರಲ್ಲಿ ನಮ್ಮ ರಾಜ್ಯದಲ್ಲೇ ಜಮೀನು ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿಯಲ್ಲಿ ಖಾತೆ ಖಾಲಿ ಮಾಡಿದ ಪ್ರಕರಣಗಳು ಬಂದವು. ಆಧಾರ್‌ನಲ್ಲಿ ಬಯೊಮೆಟ್ರಿಕ್ ಲಾಕ್ ಮಾಡುವ ವ್ಯವಸ್ಥೆ ಇದೆ. ಆದರೆ ಲಾಕ್ ಮಾಡಿದರೆ ಬ್ಯಾಂಕ್ ಮಿತ್ರರ ಬಳಿ ಹೆಬ್ಬೆಟ್ಟು ಒತ್ತಿ ಹಣ ತೆಗೆಯಲು ಆಗುವುದಿಲ್ಲ, ಪ್ರತಿ ಸಲ ಬಿಚ್ಚಿ ಹಾಕಬೇಕು. ಅಜ್ಜಿಗೆ ಅದು ಆಗದ ಕೆಲಸ. ಜಮೀನು ಮಾರಿದವರು, ಕೊಂಡವರು ನಿಮ್ಮ ಪಟ್ಟಿಯಲ್ಲಿದ್ದರೆ ಅವರಿಗೆ ಮಾಡಿಸಿ.

ಬಾಳೆಹೊನ್ನೂರು ಭದ್ರೆ

ನಾನು ಉದ್ಯೋಗ ಖಾತ್ರಿಯಲ್ಲಿ ಕಾಯಕಬಂಧು, ಅಂದರೆ ಕೂಲಿಯವರ ಗುಂಪಿನ ಮೇಲ್ವಿಚಾರಕಿಯಾಗಿದ್ದೆ. ಸ್ಮಾರ್ಟ್‌ಫೋನ್ ನನ್ನ ಕೈಗೆ ಬಂದದ್ದೇ ಆ ಕೆಲಸದಿಂದ. 2023ರ ಜನವರಿಯಿಂದ ಹಾಜರಾತಿ ಮೊಬೈಲಿನಲ್ಲೇ ಕಡ್ಡಾಯವಾಯಿತು. ಕೆಲಸದ ಜಾಗದಲ್ಲಿ ಬೆಳಿಗ್ಗೆ ಒಮ್ಮೆ, ಆಮೇಲೆ ಒಮ್ಮೆ ಎಲ್ಲರನ್ನೂ ನಿಲ್ಲಿಸಿ ಫೋಟೊ ತೆಗೆಯಬೇಕಿತ್ತು. ಇಂಗುಗುಂಡಿ ತೋಡುವುದು ಕಾಡಂಚಿನ ಇಳಿಜಾರಿನಲ್ಲಿ. ಫೋಟೊ ತೆಗೆದು, ಅದು ಮೇಲೆ ಹೋಗಲಿ ಎಂದು ನಾನು ಗುಡ್ಡ ಹತ್ತಿ ಕೈ ಎತ್ತಿ ನಿಲ್ಲುವುದನ್ನು ನೋಡಿ ಹೆಂಗಸರು, ಇವಳು ದೇವರಿಗೆ ಆರತಿ ಎತ್ತುತ್ತಿದ್ದಾಳೆ ಎಂದು ನಗುತ್ತಿದ್ದರು.

ನನ್ನ ಫೋನ್ ಎಂದು ಹೇಳುತ್ತೇನೆ, ಆದರೆ ಸಂಜೆ ಆರರ ಮೇಲೆ ಅದು ಮಗನದು. ರಾತ್ರಿ ಊಟವಾದ ಮೇಲೆ ಮನೆಯವರದು. ಬೆಳಿಗ್ಗೆ ನನ್ನ ಕೈಗೆ ಬರುವಾಗ ಹದಿನೆಂಟು ಪರ್ಸೆಂಟ್ ಚಾರ್ಜ್ ಉಳಿದಿರುತ್ತದೆ.

ನಾನು ಬರೆಯಲು ಬಂದದ್ದು ಬೇರೆ. ನಿಮ್ಮ ಪಟ್ಟಿಯಲ್ಲಿ ಇಬ್ಬರು ಅತ್ತೆಯಂದಿರ ಗೃಹಲಕ್ಷ್ಮಿ ಎಂದಿರಿ. ಅವರ ನಂಬರನ್ನು ಮಗನದಕ್ಕೋ ಗಂಡನದಕ್ಕೋ ಬದಲಿಸಬೇಡಿ. ದಯವಿಟ್ಟು. ನಮ್ಮ ಬೀದಿಯಲ್ಲಿ ಒಬ್ಬರಿಗೆ ತಿಂಗಳ 2,000 ರೂಪಾಯಿ ಬಂದಿಲ್ಲ ಬಂದಿಲ್ಲ ಎಂದು ಐದು ತಿಂಗಳು ಕಾದರು. ಬರುತ್ತಲೇ ಇತ್ತು. ಹಣ ಬಂದ ಸದ್ದು ಮಗನ ಜೇಬಿನಲ್ಲಿ ಆಗುತ್ತಿತ್ತು, ಎಟಿಎಂ ಕಾರ್ಡೂ ಅದೇ ಜೇಬಿನಲ್ಲಿತ್ತು. ನಿಮ್ಮ ಫೋನಿಗೆ ಬರುತ್ತಿದ್ದಾಗ ನೀವು ಓಡಿಹೋಗಿ ಅತ್ತೆ, ಹಣ ಬಂತು ಎಂದು ಹೇಳುತ್ತಿದ್ದಿರಿ. ಮುಂದೆ ಹೇಳುವವರು ಯಾರು ಎನ್ನುವುದನ್ನು ನೋಡಿ ನಂಬರ್ ಬರೆಸಿ.

ಅರಸೀಕೆರೆ ಕೊಬ್ಬರಿ

ಅಕ್ಕ ಹೇಳಿದ್ದು ಕೇಳಿ ನನ್ನ ಮಾತನ್ನು ಅರ್ಧ ಹಿಂತೆಗೆದುಕೊಳ್ಳುತ್ತೇನೆ. ಸ್ಮಾರ್ಟ್‌ಫೋನ್ ಕೊಡಿಸಿದರೂ ಅದು ಅವರ ಕೈಯಲ್ಲಿ ಉಳಿಯುವುದಿಲ್ಲ. ಮೊಮ್ಮಗ ಕಿತ್ತುಕೊಳ್ಳುತ್ತಾನೆ.

ಪಾಸ್‌ಬುಕ್

ಅದಕ್ಕೇ ಬಟನ್ ಫೋನ್ ಎನ್ನುವುದು. ಮೊಮ್ಮಗನಿಗೆ ಅದರಲ್ಲಿ ಆಸಕ್ತಿ ಇರುವುದಿಲ್ಲ, ಅದೇ ಅದರ ದೊಡ್ಡ ಗುಣ. ಒಟಿಪಿ ಬರಲು ಇಂಟರ್‌ನೆಟ್ ಬೇಕಿಲ್ಲ, ಎಸ್‌ಎಂಎಸ್ ಸಾಕು. ಅಂಗಡಿಯಲ್ಲಿ 4ಜಿ ಬಟನ್ ಫೋನ್ ಕೇಳಿ, ಕೆಲವು ಕಂಪನಿಯ ಸಿಮ್ ಹಳೆಯ 2ಜಿ ಫೋನಿನಲ್ಲಿ ನಡೆಯುವುದಿಲ್ಲ. ಡೇಟಾ ಇಲ್ಲದೆ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ರೀಚಾರ್ಜ್ 2025ರ ಆರಂಭದಿಂದ ಸಿಗುತ್ತಿದೆ. ಅಂಗಡಿಯವರು ತಾವಾಗಿ ಹೇಳುವುದಿಲ್ಲ, ಕೇಳಿ ಹಾಕಿಸಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಸೆಟ್ ಕೊಳ್ಳುವುದಾದರೆ ಅದರಲ್ಲಿ *#06# ಒತ್ತಿ, ಹದಿನೈದು ಅಂಕಿಯ ಐಎಂಇಐ, ಅಂದರೆ ಆ ಸೆಟ್ಟಿನ ಗುರುತಿನ ಸಂಖ್ಯೆ ಬರುತ್ತದೆ. ಅದನ್ನು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಹಾಕಿ ನೋಡಿದರೆ ಕಳವಿನ ಮಾಲು ಎಂದು ತಡೆಹಿಡಿದಿದ್ದಾರೆಯೇ ಎಂಬುದು ತಿಳಿಯುತ್ತದೆ. ನಿಮ್ಮ ಸ್ವಂತ ಫೋನಿನ ಆ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. ಕಳೆದುಹೋದರೆ ಬ್ಲಾಕ್ ಮಾಡಿಸಲು ಅದು ಬೇಕು. ಹಾಂ, ಪಿನ್ ಇದ್ದ ನೋಟ್‌ಬುಕ್ಕಿನಲ್ಲಿ ಬೇಡ.

ಹೇಮಾವತಿ ದಂಡೆ, ಗೊರೂರು

ನಮ್ಮ ಅಜ್ಜಿ ಸಂತೆಯಲ್ಲಿ ಸೊಪ್ಪು ಮಾರುತ್ತಾರೆ. ಅವರಿಗೆ ಫೋನೇ ಇಲ್ಲ. ಇರುವುದು ಕನ್ನಡದಲ್ಲಿ ಹಣ ಬಂದದ್ದನ್ನು ಕೂಗಿ ಹೇಳುವ ಡಬ್ಬಿ ಮತ್ತು ಕ್ಯೂಆರ್ ಹಲಗೆ, ಖಾತೆ ಚಿಕ್ಕಮ್ಮನದು. ಡಬ್ಬಿ "ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ" ಎಂದರೆ ಅಜ್ಜಿ "ಹೂಂ" ಎನ್ನುತ್ತಾರೆ. ಡಬ್ಬಿ ಮಾತನಾಡದಿದ್ದರೆ ಗಿರಾಕಿ ತನ್ನ ಫೋನಿನಲ್ಲಿ ಹಸಿರು ಟಿಕ್ ಎಷ್ಟೇ ತೋರಿಸಲಿ, ಸೊಪ್ಪು ಚೀಲದಿಂದ ಹೊರಗೆ ಬರುತ್ತದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಅಕ್ಕಪಕ್ಕದವರು ನಗದು ಮಾತ್ರ ಎಂದು ರಟ್ಟು ಬರೆದು ನೇತುಹಾಕಿದರು. ಚಿಕ್ಕಮ್ಮನೂ ಹೆದರಿ ಡಬ್ಬಿಯನ್ನು ಬೀರುವಿನಲ್ಲಿ ಇಟ್ಟರು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ದಾಟಿದರೆ ತಾನೇ ನೋಂದಣಿ ಎಂದು ಹೇಳಿ, ನಮ್ಮದು ಎಷ್ಟು ಲಕ್ಷದ ಕೊತ್ತಂಬರಿ ಸೊಪ್ಪು ಎಂದು ಕೇಳಿದ ಮೇಲೆ ಡಬ್ಬಿ ಮತ್ತೆ ಸಂತೆಗೆ ಬಂತು. ಅದಿಲ್ಲದ ಮೂರು ವಾರ ಅಜ್ಜಿಗೆ ಚಿಲ್ಲರೆ ಎಣಿಸಿ ಎಣಿಸಿ ಸಾಕಾಗಿತ್ತು.

ಯಸಳೂರು

ಮದುವೆ ಕರೆಯೋಲೆಯ ಬಗ್ಗೆಯೂ ಯಾರಾದರೂ ಹೇಳಿ. ನಮ್ಮ ಚಿಕ್ಕಪ್ಪನಿಗೆ ನೆಂಟರ ನಂಬರಿನಿಂದಲೇ ಲಗ್ನಪತ್ರಿಕೆ ಎಂದು ಬಂತು. ತೆರೆದರು. ಪತ್ರಿಕೆ ತೆರೆಯಲಿಲ್ಲ, ಇನ್‌ಸ್ಟಾಲ್ ಮಾಡಲೇ ಎಂದು ಕೇಳಿತು, ಹೂಂ ಎಂದರು. ಮರುದಿನ ಅವರ ನಂಬರಿನಿಂದ ನಮಗೆಲ್ಲ ಅದೇ ಲಗ್ನಪತ್ರಿಕೆ. ಖಾತೆಯಿಂದ ಮೂವತ್ತೆಂಟು ಸಾವಿರ ಹೋಯಿತು.

ಪಾಸ್‌ಬುಕ್

ಕಡತದ ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿದ್ದರೆ ಅದು ಪತ್ರಿಕೆಯಲ್ಲ, ಆ್ಯಪ್. ಒಳಗೆ ಸೇರಿಕೊಂಡು ಎಸ್‌ಎಂಎಸ್ ಓದಬಲ್ಲದು. ಕೊಟ್ಟಿಗೆಹಾರದ ತಾಯಿ, ನಿಮ್ಮ ಫೋನಿನಲ್ಲಿ ಇದು ಒಂದು ಸಲ ಸೇರಿದ್ದರೆ ಹದಿನಾಲ್ಕು ಖಾತೆಯ ಒಟಿಪಿಯೂ ಅವರ ಕೈಗೆ ಹೋಗುತ್ತಿತ್ತು. ಇದನ್ನು ಹೆದರಿಸಲೆಂದೇ ಹೇಳುತ್ತಿದ್ದೇನೆ.

ಹಣ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಯಿಂದ ಮತ್ತೊಂದಕ್ಕೆ ಜಾರುವ ಮೊದಲು ತಡೆಯಲು ಸಾಧ್ಯವಾಗುವುದು ಆ ಮೊದಲ ಗಂಟೆಗಳಲ್ಲಿ. ನೆಂಟರನ್ನು ಕೂಡಿಸಿ ಚರ್ಚೆ ಮಾಡುವುದು ಆಮೇಲೆ. ಪೊಲೀಸ್ ವೇಷ ಹಾಕಿ ವಿಡಿಯೊ ಕರೆಯಲ್ಲಿ ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ ಎನ್ನುವವರಿಗೆ ಫೋನ್ ಇಡಿ. ಅಂತಹ ಬಂಧನ ನಮ್ಮ ಕಾನೂನಿನಲ್ಲಿ ಇಲ್ಲ.

ನಿವೃತ್ತ ಮೇಷ್ಟ್ರು, ಹಾಸನ

ನಾನು ಈಗ ಬೆರಳಿನಿಂದ ಬರೆಯುವುದನ್ನು ಬಿಟ್ಟು ಮಾತನಾಡಿ ಬರೆಸುತ್ತಿದ್ದೇನೆ. ಕಣ್ಣಿಗೆ ಆರಾಮ. ಮೊನ್ನೆ ಬೇಲೂರಿನ ಬೀಗರಿಗೆ "ಮಳೆ ನಿಂತಿದೆ, ಬನ್ನಿ" ಎಂದು ಹೇಳಿದೆ. ಅದು "ಮನೆ ನಿಂತಿದೆ, ಬನ್ನಿ" ಎಂದು ಹೋಯಿತು. ಅವರು ಕಟ್ಟಡದ ಕೆಲಸಕ್ಕೆ ದುಡ್ಡು ಸಾಲದೆ ನಿಂತಿದೆ ಎಂದು ತಿಳಿದು ಇಪ್ಪತ್ತು ದಿನ ನಮ್ಮ ಮನೆಯ ಕಡೆ ಸುಳಿಯಲಿಲ್ಲ.

ಕಾಳುಮೆಣಸು, ಹಾನುಬಾಳು

ಮೇಷ್ಟ್ರೇ, ಅದು ಫೋನಿನ ತಪ್ಪಲ್ಲ, ಬೀಗರ ಗುಣ.

2023ರ ಅಕ್ಟೋಬರ್ 12 ನೆನಪಿದೆಯೇ? ತುರ್ತು ಎಚ್ಚರಿಕೆಯ ಪರೀಕ್ಷೆ ಎಂದು ರಾಜ್ಯದ ಫೋನುಗಳೆಲ್ಲ ಒಟ್ಟಿಗೆ ಕಿರುಚಿಕೊಂಡವು. ನಾವು ತೋಟದಲ್ಲಿದ್ದೆವು. ಐದಾರು ಫೋನ್ ಕಿರುಚಿದ ಅಬ್ಬರಕ್ಕೆ ಆಳುಗಳು ಕತ್ತಿ ಬಿಟ್ಟು ಓಡಿದರು. ಸಿಗ್ನಲ್ ಇಲ್ಲದ ತಗ್ಗಿನಲ್ಲಿದ್ದ ನಾಲ್ವರಿಗೆ ಏನೂ ಕೇಳಿಸಲಿಲ್ಲ. ನಿಜವಾದ ಭೂಕುಸಿತ ಬಂದ ದಿನವೂ ಆ ತಗ್ಗಿನಲ್ಲಿರುವವರಿಗೆ ಕೇಳಿಸುವುದಿಲ್ಲವಲ್ಲ ಎಂದು ಅವತ್ತು ಅನ್ನಿಸಿತು, ಇವತ್ತಿಗೂ ಅನ್ನಿಸುತ್ತದೆ.

ಕೊಟ್ಟಿಗೆಹಾರದ ಕಡೆಯವಳು (ಹನ್ನೆರಡು ದಿನದ ನಂತರ)

ಏನಾಯಿತು ಎಂದು ಕೇಳಿದವರಿಗೆಲ್ಲ ಒಟ್ಟಿಗೆ ಉತ್ತರ.

ಅಂಚೆಯಣ್ಣ ಎರಡು ದಿನ ಬಂದರು. ಟ್ಯಾಂಕಿನ ಕಟ್ಟೆಯ ಮೇಲೆ ಚಾಪೆ ಹಾಸಿದೆವು. ಅಮ್ಮ ಕಾಫಿ, ಚಕ್ಕುಲಿ ಮಾಡಿದರು. ಹದಿನಾಲ್ಕು ಜನರಲ್ಲಿ ಒಂಬತ್ತು ಜನರ ಆಧಾರ್ ಅಲ್ಲೇ ಮುಗಿಯಿತು. ಲೈನ್‌ಮನೆಯ ಇಬ್ಬರು ಅಕ್ಕಂದಿರ ಬೆರಳಚ್ಚು ಬೀಳಲೇ ಇಲ್ಲ. ಕುಯ್ಲಿನ ಕಾಲ, ಬೆರಳೆಲ್ಲ ಅಂಟು ಮತ್ತು ಸೀಳು. ಬಿಸಿನೀರಿನಲ್ಲಿ ತೊಳೆದು, ಕೊಬ್ಬರಿ ಎಣ್ಣೆ ಸವರಿ ಒರೆಸಿ ಎಲ್ಲ ನೋಡಿದೆವು. ಕೊನೆಗೆ ಶಕ್ತಿ ಯೋಜನೆಯ ಬಸ್ಸಿನಲ್ಲಿ ಮೂಡಿಗೆರೆಗೆ ಕರೆದುಕೊಂಡು ಹೋಗಿ ಆಧಾರ್ ಕೇಂದ್ರದಲ್ಲಿ ಕಣ್ಣಿನ ಗುರುತು ಕೊಟ್ಟು ಮಾಡಿಸಿದೆ. ಒಂದು ದಿನದ ಕೂಲಿ ಹೋಯಿತೆಂದು ಒಬ್ಬರಿಗೆ ಬೇಸರ, ಇನ್ನೊಬ್ಬರಿಗೆ ಮಸಾಲೆ ದೋಸೆ ತಿಂದ ಖುಷಿ.

ಅತ್ತೆಯಂದಿರಲ್ಲಿ ಒಬ್ಬರು ಸ್ವಂತ ಸಿಮ್ ತೆಗೆದುಕೊಂಡರು. ಇನ್ನೊಬ್ಬರಿಗೆ ಮಗನ ನಂಬರನ್ನೇ ಕೊಡಬೇಕೆಂದು ಮನೆಯಲ್ಲಿ ಹಟ. ಭದ್ರೆ ಅಕ್ಕ, ನೀವು ಬರೆದದ್ದನ್ನು ಅವರ ಮುಂದೆ ಓದಿದೆ, ಯಾರ ಹೆಸರೂ ಹೇಳದೆ. ಮಗ ಎದ್ದು ಹೊರಗೆ ಹೋದ. ನಂಬರ್ ಇನ್ನೂ ನನ್ನದೇ ಇದೆ. ಸದ್ಯಕ್ಕೆ ಹಾಗೇ ಇರಲಿ ಎಂದರು ಅತ್ತೆ.

ಆನೆ ಮೆಸೇಜಿಗೆ ರೈಟರ್ ಮತ್ತು ಶಾಲೆಯ ಬಿಸಿಯೂಟದ ಅಕ್ಕ, ಇಬ್ಬರ ನಂಬರ್ ಕೊಟ್ಟಿದ್ದೇವೆ. ಬೆಳೆ ಸಮೀಕ್ಷೆಗೆ ಪಿಯುಸಿ ಓದುವ ಒಬ್ಬ ತಮ್ಮನಿಗೆ ಕಲಿಸಿದೆ. ಜಮೀನಿನೊಳಗೆ ಹೋಗಿ ನಿಂತೇ ಫೋಟೊ ತೆಗೆಯಬೇಕು ಎಂದು ಮೂರು ಸಲ ಹೇಳಿದೆ. ಅವನು ಗೇಟಿನಲ್ಲೇ ನಿಂತು ಮುಗಿಸುವ ಜಾತಿ.

ಪಾಸ್‌ಬುಕ್ ಸರ್, ಪುಟಗಳನ್ನು ಅವತ್ತೇ ರಾತ್ರಿ ಒಲೆಗೆ ಹಾಕಿದೆ. ಮರುದಿನ ಮೂವರು ಬಂದು ತಮ್ಮ ಪಿನ್ ಎಷ್ಟು ಎಂದು ಕೇಳಿದರು.

ಕೆಳಮನೆಯ ಅಜ್ಜಿ ಮೊದಲಿಗೆ ಒಪ್ಪಲೇ ಇಲ್ಲ. ನಿನ್ನ ನಂಬರ್ ಬಂದ ಮೇಲೆ ಪಿಂಚಣಿ ಒಂದು ತಿಂಗಳೂ ತಪ್ಪಿಲ್ಲ, ಅದರ ಕಾಲ್ಗುಣ ಚೆನ್ನಾಗಿದೆ ಎಂದರು. ದೊಡ್ಡ ಗುಂಡಿಗಳ ಒಂದು ಬಟನ್ ಫೋನ್ ತಂದುಕೊಟ್ಟು, ಎರಡನೇ ಗುಂಡಿಯನ್ನು ಒತ್ತಿ ಹಿಡಿದರೆ ನನಗೆ ಕರೆ ಬರುವಂತೆ ಮಾಡಿ, ಆ ಗುಂಡಿಯ ಮೇಲೆ ಕುಂಕುಮದ ಸ್ಟಿಕ್ಕರ್ ಅಂಟಿಸಿದೆ. ಅದಕ್ಕೆ ಒಪ್ಪಿದರು. ಮೊದಲ ರಾತ್ರಿ ಎಂಟು ಸಲ ಕರೆ ಬಂತು. ಎತ್ತಿದರೆ ಮಾತಿಲ್ಲ. ಬೆಳಿಗ್ಗೆ ಹೋಗಿ ಕೇಳಿದರೆ, "ಸುಮ್ಮನೆ ನೋಡಿದೆ, ನೀನು ಎತ್ತುತ್ತೀಯೋ ಇಲ್ಲವೋ ಎಂದು."

ನಾಳೆ ಬೆಳಿಗ್ಗೆ ಬಸ್ಸು. ಇದನ್ನು ಬರೆಯುತ್ತಿರುವಾಗಲೇ ಒಂದು ಒಟಿಪಿ ಬಂತು. ಬ್ಯಾಂಕಿನ ಹೆಸರಿದೆ, ಖಾತೆಯ ಗುರುತಿಲ್ಲ. ಆ ಬ್ಯಾಂಕಿನಲ್ಲಿ ಇನ್ನೂ ನಂಬರ್ ಬದಲಾಗದೆ ಉಳಿದವರು ಮೂವರಿದ್ದಾರೆ. ಅಜ್ಜಿಗೆ ಕರೆ ಮಾಡಿದರೆ ಬಿಜಿ ಬರುತ್ತಿದೆ.

ಪಾಸ್‌ಬುಕ್

ಯಾರದೆಂದು ತಿಳಿಯುವವರೆಗೆ ಯಾರಿಗೂ ಹೇಳಬೇಡಿ. ಹತ್ತು ನಿಮಿಷದಲ್ಲಿ ಅದು ತಾನಾಗಿ ಸಾಯುತ್ತದೆ. ಬೇಕಿದ್ದವರು ನಿಮ್ಮ ಮನೆಗೇ ಬರುತ್ತಾರೆ.

ಕೊಟ್ಟಿಗೆಹಾರದ ಕಡೆಯವಳು

ಬಂದರು ಸರ್. ಟಾರ್ಚ್ ಹಿಡಿದುಕೊಂಡು ದೊಡ್ಡಪ್ಪ ಅಂಗಳದಲ್ಲಿ ನಿಂತಿದ್ದಾರೆ.